ನಿಮಗಿದು ಗೊತ್ತೇ? ಬಿ.ಪಿ. ಚೀಟಿಯಲ್ಲಿ ಬರೆಯದ ಮೂರನೆಯ ಅಂಕಿ

◆ ಬಿ.ಪಿ. 120/80 ಎಂದು ಬರೆದುಕೊಟ್ಟರೆ ನಾವು ಎರಡು ಅಂಕಿ ಓದಿ ಚೀಟಿ ಮಡಚಿ ಜೇಬಿಗಿಡುತ್ತೇವೆ. ಮೇಲಿನದು ಹೃದಯ ಹಿಂಡಿ ರಕ್ತ ನೂಕುವಾಗ ಅಪಧಮನಿಯೊಳಗೆ ಏರುವ ಒತ್ತಡ. ಕೆಳಗಿನದು ಹೃದಯ ಸಡಿಲಗೊಂಡು ಮತ್ತೆ ತುಂಬಿಕೊಳ್ಳುವಾಗ ಅಲ್ಲೇ ಉಳಿದಿರುವ ಒತ್ತಡ. ಮೇಲಿನದರಿಂದ ಕೆಳಗಿನದನ್ನು ಕಳೆದರೆ 40 ಉಳಿಯುತ್ತದಲ್ಲ, ಅದು ಮೂರನೆಯ ಅಂಕಿ. ವೈದ್ಯರು ಅದನ್ನು ಪಲ್ಸ್ ಪ್ರೆಷರ್ ಎನ್ನುತ್ತಾರೆ; ನಾವು ನಾಡಿ ಒತ್ತಡ ಎನ್ನೋಣ. ಮಣಿಕಟ್ಟಿನ ಮೇಲೆ ಬೆರಳಿಟ್ಟಾಗ ನಿಮಗೆ ತಟ್ಟುವುದು 120 ಅಲ್ಲ, 80 ಅಲ್ಲ, ಇವೆರಡರ ನಡುವಿನ ಈ ಅಂತರ.

◆ ಈ ಅಂತರವನ್ನು ಮೊದಲು ಕಣ್ಣಾರೆ ಕಂಡವರು ವೈದ್ಯರಲ್ಲ, ಒಬ್ಬ ಪಾದ್ರಿ. ಲಂಡನ್ ಬಳಿಯ ಟೆಡಿಂಗ್‌ಟನ್ನಿನ ಸ್ಟೀಫನ್ ಹೇಲ್ಸ್ ಒಂದು ಹೆಣ್ಣು ಕುದುರೆಯನ್ನು ಅಂಗಾತ ಕೆಡವಿ ಕಟ್ಟಿಸಿ, ತೊಡೆಯ ಅಪಧಮನಿಗೆ ಹಿತ್ತಾಳೆಯ ಕೊಳವೆ ತೂರಿಸಿ, ಅದಕ್ಕೆ ಒಂಬತ್ತು ಅಡಿ ಉದ್ದದ ಗಾಜಿನ ನಳಿಗೆ ಜೋಡಿಸಿದರು. ರಕ್ತ 8 ಅಡಿ 3 ಅಂಗುಲ ಏರಿತು. ಏರಿ ಅಲ್ಲಾಡದೆ ನಿಲ್ಲಲಿಲ್ಲ. ನಾಡಿ ಬಡಿದಾಗೊಮ್ಮೆ ಎರಡು, ಮೂರು, ನಾಲ್ಕು ಅಂಗುಲ ಮೇಲೆ ಕೆಳಗೆ ಆಡುತ್ತಿತ್ತು. 1733ರಲ್ಲಿ ಅಚ್ಚಾದ ತಮ್ಮ ಪುಸ್ತಕದಲ್ಲಿ ಹೇಲ್ಸ್ ಇದನ್ನೆಲ್ಲ ಬರೆದಿಟ್ಟರು. ಆ ಆಟವೇ ನಾಡಿ ಒತ್ತಡ. ಪಾಪ, ಕುದುರೆ ಬದುಕಲಿಲ್ಲ.

◆ ಬಿ.ಪಿ.ಯನ್ನು ಪಾದರಸದ ಮಿಲಿಮೀಟರಿನಲ್ಲಿ ಏಕೆ ಹೇಳುತ್ತಾರೆ? ಒಂಬತ್ತು ಅಡಿಯ ಗಾಜು ಹೊತ್ತು ತಿರುಗುವುದು ಕಷ್ಟ ಎಂಬ ಒಂದೇ ಕಾರಣಕ್ಕೆ. ಪಾದರಸ ನೀರಿಗಿಂತ 13.6 ಪಟ್ಟು ಭಾರ. ನಿಮ್ಮ 120 ಅನ್ನು ನೀರಿನಲ್ಲಿ ಅಳೆಯಹೊರಟರೆ ಐದಡಿಗೂ ಮೀರಿದ ಕೊಳವೆ ಬೇಕು. ಪಾದರಸದಲ್ಲಾದರೆ ಗೇಣಿಗಿಂತ ಚಿಕ್ಕದು ಸಾಕು. 1828ರಲ್ಲಿ ಪ್ಯಾರಿಸ್ಸಿನ ಪ್ವಾಸೇಯ್ ಈ ಬದಲಾವಣೆ ತಂದರು. ಪಾದರಸ ವಿಷ ಎಂದು ದೇಶದೇಶಗಳು ಮಾಡಿಕೊಂಡ ಮಿನಮಾಟಾ ಒಪ್ಪಂದದ ಬಳಿಕ ಆಸ್ಪತ್ರೆಗಳಿಂದ ಆ ಉಪಕರಣ ಹೊರಗೆ ಹೋಗುತ್ತಿದೆ. ಅಳತೆಯಲ್ಲಿ ಮಾತ್ರ ಪಾದರಸದ ಹೆಸರು ಹಾಗೇ ಕೂತಿದೆ.

◆ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುವ ವಿಧಾನ 1896ರದು. ಇಟಲಿಯ ಟ್ಯೂರಿನ್ ನಗರದಲ್ಲಿದ್ದ ಶಿಪಿಯೋನೆ ರೀವಾ-ರೋಚ್ಚಿ ಸೈಕಲ್ ಟ್ಯೂಬಿನ ರಬ್ಬರನ್ನು ತೋಳಿಗೆ ಸುತ್ತಿ ಇದನ್ನು ಮಾಡಿ ತೋರಿಸಿದರು. ಗಾಳಿ ತುಂಬುತ್ತ ಹೋಗಬೇಕು, ಮಣಿಕಟ್ಟಿನ ನಾಡಿ ಯಾವಾಗ ಮಾಯವಾಗುತ್ತದೋ ಅದೇ ಮೇಲಿನ ಅಂಕಿ. ಕೆಳಗಿನ ಅಂಕಿ ಈ ದಾರಿಯಲ್ಲಿ ಸಿಗುವುದಿಲ್ಲ. ಕೆಳಗಿನದೇ ಸಿಗದಿದ್ದರೆ ಕಳೆಯುವುದೇನನ್ನು?

◆ ಅದನ್ನು ಕೊಟ್ಟವರು ರಷ್ಯಾದ ಶಸ್ತ್ರವೈದ್ಯ ನಿಕೊಲಾಯ್ ಕೊರೊಟ್ಕೊಫ್. ಜಪಾನಿನ ಜೊತೆಗಿನ ಯುದ್ಧದಲ್ಲಿ ಗಾಯಗೊಂಡು ರಕ್ತನಾಳ ಹರಿದ ಸೈನಿಕರನ್ನು ನೋಡಿಕೊಳ್ಳುತ್ತಿದ್ದಾಗ ನಾಳಗಳ ಮೇಲೆ ಸ್ಟೆತೊಸ್ಕೋಪ್ ಇಟ್ಟು ಆಲಿಸುವುದು ಅವರ ಅಭ್ಯಾಸ. ತೋಳಿನ ಪಟ್ಟಿಯ ಗಾಳಿಯನ್ನು ಮೆಲ್ಲಗೆ ಬಿಡುತ್ತ ಬಂದರೆ ಮೊದಲು ಏನೂ ಕೇಳದು, ಆಮೇಲೆ ಟಪ್ ಟಪ್ ಸದ್ದು ಶುರುವಾಗುತ್ತದೆ, ಕೊನೆಗೆ ಮತ್ತೆ ಮೌನ. ಸದ್ದು ಹುಟ್ಟಿದ ಜಾಗ ಮೇಲಿನ ಅಂಕಿ, ಸತ್ತ ಜಾಗ ಕೆಳಗಿನ ಅಂಕಿ. 1905ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅವರು ಮಂಡಿಸಿದ ಈ ಸಂಶೋಧನೆಯ ಬರಹ ಒಂದು ಪುಟವೂ ಇಲ್ಲ. ನಮ್ಮ ಕಾಲದ ನೂರಾರು ಪುಟದ ಪ್ರಬಂಧಗಳನ್ನು ನೆನೆದರೆ ಅವರಿಗೆ ಇನ್ನೊಂದು ನಮಸ್ಕಾರ ಹಾಕಬೇಕೆನಿಸುತ್ತದೆ.

◆ ಆ ಟಪ್ ಟಪ್ ಹೃದಯದ ಸದ್ದಲ್ಲ. ಅರ್ಧ ಅದುಮಿದ ನಾಳದಲ್ಲಿ ರಕ್ತ ನುಗ್ಗಿ ಕಲಕುವ ಸದ್ದು. ನಾಳ ಪೂರ್ತಿ ಮುಚ್ಚಿದ್ದರೂ ಸದ್ದಿಲ್ಲ, ಪೂರ್ತಿ ತೆರೆದಿದ್ದರೂ ಸದ್ದಿಲ್ಲ.

◆ ಗಾಳಿ ತುಂಬುವಾಗ ನರ್ಸಮ್ಮ ನಿಮ್ಮ ಮಣಿಕಟ್ಟು ಹಿಡಿದುಕೊಳ್ಳುವುದು ಧೈರ್ಯ ಹೇಳಲಲ್ಲ. ಕೆಲವರಲ್ಲಿ, ಅದರಲ್ಲೂ ಬಿ.ಪಿ. ಹೆಚ್ಚಿರುವ ಹಿರಿಯರಲ್ಲಿ, ಸದ್ದು ಒಮ್ಮೆ ಶುರುವಾಗಿ ನಡುವೆ ಸ್ವಲ್ಪ ದೂರ ಕಾಣೆಯಾಗಿ ಮತ್ತೆ ಹುಟ್ಟುತ್ತದೆ. ನಿಜವಾದ ಮೇಲಿನ ಅಂಕಿ 190 ಇರುವವರಿಗೆ ಬರೀ 160ರ ತನಕ ಗಾಳಿ ತುಂಬಿ ಕೇಳಿದರೆ ಆ ಮೌನದ ನಡುವೆ ಬಿದ್ದು, ಬಿ.ಪಿ. 150 ಎಂದು ಬರೆದು ಕಳಿಸಿಬಿಡುವ ಅಪಾಯವಿದೆ. ನಾಡಿ ಮಾಯವಾದದ್ದನ್ನು ಬೆರಳಿನಿಂದ ತಿಳಿದು, ಅಲ್ಲಿಂದ ಇನ್ನೂ ಸ್ವಲ್ಪ ಮೇಲಕ್ಕೆ ತುಂಬುವವರು ಕೆಲಸ ಬಲ್ಲವರು.

◆ ಪಾದರಸದ ಕಂಬದ ಮೇಲಿನ ಗೆರೆಗಳು ಎರಡೆರಡು ಮಿಲಿಮೀಟರಿಗೆ ಒಂದು. ಆದ್ದರಿಂದ ಅದರಲ್ಲಿ ನೋಡಿ 127/83 ಎಂದು ಬರೆದರೆ ಯಾರೋ ಊಹಿಸಿ ಬರೆದಿದ್ದಾರೆಂದು ತಿಳಿಯಿರಿ. ಇನ್ನೊಂದು ಬಗೆಯ ಊಹೆಯೂ ಇದೆ. ಶಿಬಿರಗಳ ಪಟ್ಟಿ ತಿರುವಿ ನೋಡಿ: 120/80, 130/80, 140/90, 120/80. ಸರಿಯಾಗಿ ಅಳೆದರೆ ಸೊನ್ನೆಯಲ್ಲಿ ಮುಗಿಯುವ ಅಂಕಿ ಐದಕ್ಕೊಂದು ಬರಬೇಕು. ಊರಿಗೆ ಊರೇ ಸೊನ್ನೆಯಲ್ಲಿ ಮುಗಿಯುತ್ತಿದೆ ಎಂದರೆ ಅಳೆದವರ ಕೈ ಆತುರದಲ್ಲಿತ್ತು ಎಂದರ್ಥ. ಅಂಥ ಪಟ್ಟಿಯಲ್ಲಿ ಅಂತರ ಕಳೆಯುವುದೇ ವ್ಯರ್ಥ.

◆ ಮನೆಯಲ್ಲಿ ಗುಂಡಿ ಒತ್ತಿದರೆ ಗುರ್‌ ಎನ್ನುವ ಯಂತ್ರ ಸದ್ದನ್ನು ಕೇಳುವುದೇ ಇಲ್ಲ! ಪಟ್ಟಿಯೊಳಗಿನ ಗಾಳಿಯ ನಡುಕವನ್ನು ಅದು ಅಳೆಯುತ್ತದೆ. ನಡುಕ ಎಲ್ಲಿ ಅತಿ ಹೆಚ್ಚೋ ಅದು ಸರಾಸರಿ ಒತ್ತಡ. ಮೇಲಿನ, ಕೆಳಗಿನ ಅಂಕಿಗಳನ್ನು ಯಂತ್ರ ತನ್ನ ತಯಾರಕರು ಕೊಟ್ಟ ಸೂತ್ರದಿಂದ ಲೆಕ್ಕ ಹಾಕಿ ತೋರಿಸುತ್ತದೆ. ಹಾಗೆಂದು ಯಂತ್ರವನ್ನು ಮೂಲೆಗೆಸೆಯಬೇಡಿ, ಸರಿಯಾದ ಪರೀಕ್ಷೆ ಪಾಸಾದ ತೋಳಿನ ಯಂತ್ರ ನಂಬಲು ಯೋಗ್ಯವೇ. ಹೃದಯದ ಬಡಿತವೇ ಲಯ ತಪ್ಪಿರುವವರಲ್ಲಿ ಮಾತ್ರ ಈ ಲೆಕ್ಕ ದಾರಿ ತಪ್ಪಬಹುದು. ಅವರು ವೈದ್ಯರ ಕಿವಿಯಿಂದಲೂ ಒಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದು.

◆ ಸರಾಸರಿ ಎಂದೆವಲ್ಲ, 120/80ರ ಸರಾಸರಿ 100 ಅಲ್ಲ, ಸುಮಾರು 93. ಹೃದಯ ಹಿಂಡುವುದಕ್ಕಿಂತ ಹೆಚ್ಚು ಹೊತ್ತು ಸಡಿಲವಾಗಿರುತ್ತದೆ. ಆದ್ದರಿಂದ ಕೆಳಗಿನ ಅಂಕಿಗೆ ಅಂತರದ ಮೂರನೇ ಒಂದು ಪಾಲು ಸೇರಿಸುವುದು ರೂಢಿಯ ಲೆಕ್ಕ.

◆ ಈಗ ಸರಸರನೆ ಕೆಲವು. ಅಳೆಯುವಾಗ ಮಾತಾಡಿದರೆ ಬಿ.ಪಿ. ಏರುತ್ತದೆ, ಸೊಸೆಯ ಮೇಲಿನ ದೂರಾದರೂ ಸರಿ, ಹವಾಮಾನದ ವಿಷಯವಾದರೂ ಸರಿ. ಕಾಲ ಮೇಲೆ ಕಾಲು ಹಾಕಿದರೆ ಏರುತ್ತದೆ. ಮೂತ್ರ ಕಟ್ಟಿಕೊಂಡು ಕೂತರೆ ಏರುತ್ತದೆ. ಕಾಫಿ ಕುಡಿದು ಅಥವಾ ಬೀಡಿ ಸೇದಿ ಅರ್ಧ ಗಂಟೆ ಆಗುವ ಮುಂಚೆ ಅಳೆದರೆ ಆ ಅಂಕಿ ನಿಮ್ಮದಲ್ಲ, ಕಾಫಿಯದು. ತೋಳು ಹೃದಯದ ಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗೆ ಜೋತುಬಿದ್ದಿದ್ದರೆ ಸುಮಾರು 8 ಹೆಚ್ಚಿಗೆ ತೋರಿಸುತ್ತದೆ. ಇದು ಶುದ್ಧ ಭೌತಶಾಸ್ತ್ರ, ಯಾರ ತಪ್ಪೂ ಅಲ್ಲ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಇಲ್ಲದ ಬಿ.ಪಿ. ಬರುತ್ತದೆ. ಮೊದಲ ಸಲದ ಅಂಕಿ ಸಾಮಾನ್ಯವಾಗಿ ಹೆಚ್ಚು, ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಬೇಕು. ಬಸ್ಸಿಳಿದು ಮೆಟ್ಟಿಲು ಹತ್ತಿ ಬಂದವರಿಗೆ ಬೆನ್ನಿಗೆ ಆನಿಕೆ ಕೊಟ್ಟು, ಪಾದ ಎರಡೂ ನೆಲಕ್ಕೂರಿ ಐದು ನಿಮಿಷ ಕೂರಲು ಬಿಡಬೇಕು. ಎಷ್ಟು ಕಡೆ ಬಿಡುತ್ತಾರೆ ಎಂದು ನನ್ನನ್ನು ಕೇಳಬೇಡಿ.

◆ ಎರಡು ತೋಳಿನಲ್ಲೂ ಒಂದೇ ಬಿ.ಪಿ. ಇರಬೇಕೆಂದೇನಿಲ್ಲ. ಅಲ್ಪ ಸ್ವಲ್ಪ ವ್ಯತ್ಯಾಸ ಸಹಜ. ಮತ್ತೆ ಮತ್ತೆ ನೋಡಿದಾಗಲೂ ಮೇಲಿನ ಅಂಕಿ 15ರಷ್ಟು ಬೇರೆಯಾಗಿದ್ದರೆ ಕಡಿಮೆ ತೋರಿಸುವ ಕಡೆಯ ನಾಳ ಕಿರಿದಾಗಿದೆಯೇ ಎಂದು ವೈದ್ಯರು ಯೋಚಿಸುತ್ತಾರೆ. ಅಲ್ಲಿಂದ ಮುಂದೆ ಹೆಚ್ಚು ತೋರಿಸುವ ತೋಳಿನಲ್ಲೇ ಅಳೆಯಬೇಕು.

◆ ನಮಗೆ 120 ದೊಡ್ಡದೆನಿಸಿದರೆ ಜಿರಾಫೆಯನ್ನು ನೆನೆಯಿರಿ. ಅಷ್ಟೆತ್ತರದ ತಲೆಗೆ ರಕ್ತ ಹತ್ತಿಸಲು ಅದರ ಒತ್ತಡ ನಮ್ಮದರ ಸುಮಾರು ಎರಡರಷ್ಟು. ಅದಕ್ಕೆ ಅದು ಆರೋಗ್ಯ, ನಮಗೆ ಆಂಬುಲೆನ್ಸ್.

◆ ಮನುಷ್ಯರಲ್ಲೂ ಕ್ಷಣಕಾಲ ಅಂಕಿ ಆಕಾಶಕ್ಕೆ ಏರುವುದುಂಟು. ಕಾಲಿನಿಂದ ಭಾರಿ ತೂಕ ನೂಕುತ್ತಿದ್ದ ಕಸರತ್ತುಗಾರರ ಅಪಧಮನಿಯೊಳಗೇ ಸೂಜಿಯಿಟ್ಟು ಕೆನಡಾದಲ್ಲಿ ಅಳೆದಾಗ ಒಬ್ಬರಲ್ಲಿ 480/350 ದಾಟಿತ್ತು. ಆ ಅಧ್ಯಯನ ಪ್ರಕಟವಾದದ್ದು 1985ರಲ್ಲಿ. ತೂಕ ಇಳಿಸಿದೊಡನೆ ಒತ್ತಡವೂ ಇಳಿಯಿತು. ಅದೇ ಓಟ, ಚುರುಕು ನಡಿಗೆಯಲ್ಲಿ ಮೇಲಿನ ಅಂಕಿ ಏರುತ್ತದೆ, ಕೆಳಗಿನದು ಹಾಗೇ ಇರುತ್ತದೆ ಅಥವಾ ಕೊಂಚ ಇಳಿಯುತ್ತದೆ. ಅಂತರ ಹಿಗ್ಗಿತೆಂದು ಗಾಬರಿ ಬೇಡ, ಅದು ದುಡಿಯುವ ಹೃದಯದ ಲಕ್ಷಣ.

◆ ಹಾಗಾದರೆ ಸುಮ್ಮನೆ ಕೂತಾಗಲೂ ಅಂತರ ಹಿಗ್ಗಿದ್ದರೆ? ಇಲ್ಲಿ ಮತ್ತೆ ಹೇಲ್ಸ್ ಬರುತ್ತಾರೆ. ಆ ಕಾಲದ ಬೆಂಕಿ ಆರಿಸುವ ಯಂತ್ರಗಳಲ್ಲಿ ಕೈಯಿಂದ ಬಿಟ್ಟು ಬಿಟ್ಟು ಪಂಪು ಒತ್ತಿದರೂ ಕೊಳವೆಯ ತುದಿಯಲ್ಲಿ ನೀರು ಬಿಡದೆ ಸುರಿಯುತ್ತಿತ್ತು. ನಡುವೆ ಇದ್ದ ಗಾಳಿಯ ಗುಡಾಣ ಹೊಡೆತವನ್ನು ನುಂಗಿಕೊಂಡು, ಬಿಡುವಿನಲ್ಲಿ ವಾಪಸು ಕೊಡುತ್ತಿತ್ತು. ನಮ್ಮ ದೊಡ್ಡ ಅಪಧಮನಿಗಳೂ ಹೀಗೇ ಎಂದು ಹೇಲ್ಸ್ ಕಂಡುಕೊಂಡರು. 1899ರಲ್ಲಿ ಜರ್ಮನಿಯ ಓಟ್ಟೊ ಫ್ರಾಂಕ್ ಅದಕ್ಕೆ ಗಣಿತ ಕಟ್ಟಿದರು. ಹೃದಯ ನೂಕಿದಾಗ ಮಹಾಪಧಮನಿ ಹಿಗ್ಗುತ್ತದೆ, ಹೃದಯ ವಿಶ್ರಮಿಸುವಾಗ ಕುಗ್ಗಿ ರಕ್ತವನ್ನು ಮುಂದೆ ತಳ್ಳುತ್ತದೆ. ಹಿಗ್ಗುವುದರಿಂದ ಮೇಲಿನ ಅಂಕಿ ಅತಿಯಾಗಿ ಏರುವುದಿಲ್ಲ, ಕುಗ್ಗುವುದರಿಂದ ಕೆಳಗಿನದು ಅತಿಯಾಗಿ ಬೀಳುವುದಿಲ್ಲ. ವಯಸ್ಸಾದಂತೆ ಗೋಡೆ ಬಿರುಸಾಗುತ್ತದೆ, ಸುಣ್ಣ ಕಟ್ಟುತ್ತದೆ. ಸಕ್ಕರೆ ಕಾಯಿಲೆ, ತಂಬಾಕು ಇದನ್ನು ಬೇಗ ತರುತ್ತವೆ. ಆಗ ಮೇಲಿನದು ಏರುತ್ತ, ಕೆಳಗಿನದು ಇಳಿಯುತ್ತ ಹೋಗುತ್ತದೆ. ಅಂತರ ಎರಡೂ ಕಡೆಯಿಂದ ಬೆಳೆಯುತ್ತದೆ.

◆ ಕೆಳಗಿನ ಅಂಕಿ ಸುಮಾರು 50–60 ವಯಸ್ಸಿನ ತನಕ ಏರಿ ಆಮೇಲೆ ಇಳಿಯತೊಡಗುತ್ತದೆ. ಮೇಲಿನದು ಮಾತ್ರ ಏರುತ್ತಲೇ ಇರುತ್ತದೆ. "ಅಪ್ಪನಿಗೆ 160/70. ಕೆಳಗಿಂದು ನಾರ್ಮಲ್ ಇದೆ ಬಿಡಿ" ಎಂಬ ಸಮಾಧಾನದ ಮಾತು ಎಷ್ಟೋ ಮನೆಗಳಲ್ಲಿ ಕೇಳುತ್ತದೆ. ಅಂತರ 90 ಆಯಿತಲ್ಲ! ಅದು ಸಮಾಧಾನಪಡುವ ಅಂಕಿ ಅಲ್ಲವೇ ಅಲ್ಲ. ಹಿರಿಯರಲ್ಲಿ 60 ದಾಟಿದ ಅಂತರವನ್ನು ಬಿರುಸಾದ ನಾಳಗಳ ಗುರುತೆಂದು ಸಾಮಾನ್ಯವಾಗಿ ನೋಡುತ್ತಾರೆ.

◆ "ವಯಸ್ಸಿಗೆ ನೂರು ಸೇರಿಸಿ, ಅಷ್ಟು ಬಿ.ಪಿ. ಇರಬಹುದು" ಎಂಬ ಹಳೆಯ ಸೂತ್ರವನ್ನು ಯಾರಾದರೂ ಈಗಲೂ ಹೇಳಿದರೆ ನಯವಾಗಿ ನಕ್ಕುಬಿಡಿ. ಒಂದು ಕಾಲದಲ್ಲಿ ವೈದ್ಯರೇ ಹೀಗೆನ್ನುತ್ತಿದ್ದರು. ಮೇಲಿನ ಅಂಕಿ ಮಾತ್ರ ಏರಿದ್ದ, 60 ದಾಟಿದ 4,736 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಔಷಧಿ ತೆಗೆದುಕೊಂಡವರಲ್ಲಿ ಪಾರ್ಶ್ವವಾಯು ಶೇಕಡ 36ರಷ್ಟು ಕಡಿಮೆಯಾಗಿತ್ತು. ಸೂತ್ರ ಅಲ್ಲಿಗೆ ಸತ್ತಿತು. ನಮ್ಮ ಜಗಲಿಗಳಲ್ಲಿ ಇನ್ನೂ ಉಸಿರಾಡುತ್ತಿದೆ.

◆ ಅಂತರವನ್ನೇ ಗುರಿಯಿಟ್ಟು ಇಳಿಸುವ ಮಾತ್ರೆ ಇದೆಯೇ? ಇಲ್ಲ. ವೈದ್ಯರು ಇಳಿಸುವುದು ಮೇಲಿನ ಅಂಕಿಯನ್ನು. ಇಳಿಸುವಾಗ ಕೆಳಗಿನದರ ಮೇಲೊಂದು ಕಣ್ಣಿರುತ್ತದೆ, ಏಕೆಂದರೆ ಹೃದಯದ ಸ್ನಾಯುವಿಗೆ ರಕ್ತ ಹರಿಯುವುದು ಹೆಚ್ಚಾಗಿ ಅದು ಸಡಿಲಗೊಂಡಾಗಲೇ. ಆದ್ದರಿಂದ ಮನೆಯ ಯಂತ್ರದಲ್ಲಿ 65 ಅಂತರ ಕಂಡು ತಲೆ ಕೆಡಿಸಿಕೊಂಡು ನೀವೇ ಮಾತ್ರೆ ಹೆಚ್ಚಿಸಬೇಡಿ.

◆ ವಯಸ್ಸಿಗೆ ಸಂಬಂಧವಿಲ್ಲದೆಯೂ ಅಂತರ ಹಿಗ್ಗುತ್ತದೆ: ಜ್ವರ, ರಕ್ತಹೀನತೆ, ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವುದು, ಬಸಿರು. ಇದಲ್ಲದೆ ಮಹಾಪಧಮನಿಯ ಕವಾಟ ಸೋರಿದರೆ ಮುಂದೆ ಹೋದ ರಕ್ತ ಹಿಂದಕ್ಕೆ ಜಾರಿ ಕೆಳಗಿನ ಅಂಕಿ ಕುಸಿಯುತ್ತದೆ. ಅಂತರ ಎಷ್ಟಾಗುತ್ತದೆಂದರೆ ಕೆಲವರಲ್ಲಿ ಪ್ರತಿ ಬಡಿತಕ್ಕೂ ತಲೆ ಅಲ್ಲಾಡುತ್ತದೆ. ಇದಕ್ಕೆ ಮ್ಯೂಸೆ ಲಕ್ಷಣ ಎಂದು ಹೆಸರು. ವೈದ್ಯಶಾಸ್ತ್ರದಲ್ಲಿ ಲಕ್ಷಣಗಳಿಗೆ ಹೆಚ್ಚಾಗಿ ಕಂಡುಹಿಡಿದ ವೈದ್ಯರ ಹೆಸರಿಡುತ್ತಾರೆ. ಇಲ್ಲಿ ರೋಗಿಯದೇ ಹೆಸರು. ಫ್ರೆಂಚ್ ಕವಿ ಆಲ್‌ಫ್ರೆಡ್ ದ ಮ್ಯೂಸೆ ಹೀಗೆ ತಲೆಯಾಡಿಸುತ್ತಿದ್ದುದನ್ನು ಅವರ ಅಣ್ಣ ಬರೆದಿಟ್ಟಿದ್ದರು.

◆ ತಲೆಗೆ ಪೆಟ್ಟು ಬಿದ್ದವರ ಮೇಲಿನ ಅಂಕಿ ಏರುತ್ತ, ಅಂತರ ಹಿಗ್ಗುತ್ತ, ನಾಡಿ ನಿಧಾನವಾಗುತ್ತ ಹೋದರೆ ತಲೆಬುರುಡೆಯೊಳಗೆ ಒತ್ತಡ ಹೆಚ್ಚುತ್ತಿದೆ ಎಂದರ್ಥ. ಇದನ್ನು ವಿವರಿಸಿದ ಅಮೆರಿಕದ ಮಿದುಳು ಶಸ್ತ್ರವೈದ್ಯ ಹಾರ್ವಿ ಕುಷಿಂಗ್ ಅವರೇ 1901ರಲ್ಲಿ ಇಟಲಿಯ ಪಾವಿಯಾಕ್ಕೆ ಹೋಗಿ, ರೀವಾ-ರೋಚ್ಚಿಯ ತೋಳುಪಟ್ಟಿಯನ್ನು ಕಂಡು ತಮ್ಮ ದೇಶಕ್ಕೆ ಒಯ್ದವರು.

◆ ಹಿಗ್ಗಿದ್ದಕ್ಕಿಂತ ಕುಗ್ಗಿದ ಅಂತರ ಅವಸರದ್ದು. ಅಪಘಾತದಲ್ಲಿ ರಕ್ತ ಸೋರುತ್ತಿರುವಾಗ ಮೇಲಿನ ಅಂಕಿ ಬಹಳ ಹೊತ್ತು ಜಗ್ಗುವುದಿಲ್ಲ. ದೇಹ ನಾಳಗಳನ್ನು ಬಿಗಿಮಾಡಿ ಹಿಡಿದುಕೊಳ್ಳುತ್ತದೆ, ಬಿಗಿದಾಗ ಕೆಳಗಿನ ಅಂಕಿ ಏರುತ್ತದೆ. ಮೈಯಲ್ಲಿನ ಸುಮಾರು 5 ಲೀಟರ್ ರಕ್ತದಲ್ಲಿ ಒಂದು ಲೀಟರಿನಷ್ಟು ಹೋಗಿದ್ದರೂ ಮೇಲಿನದು 110 ಎಂದು ತೋರಿಸಬಹುದು. ಕೆಳಗಿನದು 90 ಆಗಿದೆ ಎಂಬುದನ್ನು ಗಮನಿಸಿದವರು ಗಾಯಾಳುವನ್ನು ಉಳಿಸುತ್ತಾರೆ.

◆ ನಮ್ಮ ಊರುಗಳಲ್ಲಿ ಈ ಮೂರನೆಯ ಅಂಕಿ ನಿಜಕ್ಕೂ ಜೀವ ಕಾಯುವುದು ಡೆಂಗಿಯಲ್ಲಿ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಅಧಿಸೂಚಿಸುವ ಮಟ್ಟಕ್ಕೆ ಅದು ಹಬ್ಬಿತ್ತು. ಮನೆಯವರು ಕೇಳುವ ಪ್ರಶ್ನೆ ಒಂದೇ: "ಪ್ಲೇಟ್‌ಲೆಟ್ ಎಷ್ಟಿದೆ?" ಪಪ್ಪಾಯಿ ಎಲೆ ಹಿಂಡಿ ರಸ ಕುಡಿಸುವ ಗಡಿಬಿಡಿಯಲ್ಲಿ ಬಿ.ಪಿ. ಕೇಳುವವರಿಲ್ಲ. ಆದರೆ ಡೆಂಗಿಯ ದೊಡ್ಡ ಅಪಾಯ ರಕ್ತಸ್ರಾವಕ್ಕಿಂತಲೂ ಸೋರಿಕೆ. ಮೂರರಿಂದ ಏಳನೆಯ ದಿನದ ನಡುವೆ, ಜ್ವರ ಇಳಿಯುವ ಹೊತ್ತಿಗೆ, ಸಣ್ಣ ರಕ್ತನಾಳಗಳ ಗೋಡೆಯಿಂದ ರಕ್ತದ ನೀರಿನಂಶ ಹೊರಗೆ ಜಿನುಗುತ್ತದೆ. ಒಳಗೆ ರಕ್ತ ಗಟ್ಟಿಯಾಗುತ್ತದೆ, ಪ್ರಮಾಣ ತಗ್ಗುತ್ತದೆ. ಜ್ವರ ಬಿಟ್ಟಿತು, ಮಗು ಚೇತರಿಸಿಕೊಂಡಿತು ಎಂದು ಮನೆಯವರು ನಿಟ್ಟುಸಿರು ಬಿಡುವ ದಿನವೇ ಅದು! ಬಿ.ಪಿ. 100/80 ಇರುತ್ತದೆ. ರೋಗಿ ಮಾತಾಡುತ್ತಿರುತ್ತಾನೆ, ಹೆಸರು ಕೇಳಿದರೆ ಹೇಳುತ್ತಾನೆ. 100 ಇದೆಯಲ್ಲ, ಪರವಾಗಿಲ್ಲ ಎಂದುಕೊಂಡರೆ ಕೆಟ್ಟೆವು. ಅಂತರ 20 ಅಥವಾ ಅದಕ್ಕಿಂತ ಕಡಿಮೆಯಾದರೆ ಅದು ಡೆಂಗಿ ಆಘಾತದ ಗುರುತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೇ ಹೇಳುತ್ತದೆ. ಮೇಲಿನ ಅಂಕಿ ಬೀಳುವ ತನಕ ಕಾದರೆ ತಡವಾಗಿಬಿಟ್ಟಿರುತ್ತದೆ. ಕೈಕಾಲು ತಣ್ಣಗಾಗುವುದು, ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಮೂತ್ರ ಕಡಿಮೆಯಾಗುವುದು ಇವೂ ಜೊತೆಗೆ ಕಾಣಿಸುತ್ತವೆ. ಇಂಥ ಹೊತ್ತಿನಲ್ಲಿ ಬೇಕಾದದ್ದು ಅಳತೆಯಿಟ್ಟು ಕೊಡುವ ದ್ರವ, ಅದೂ ಆಸ್ಪತ್ರೆಯಲ್ಲಿ. ವಾರ್ಡಿನಲ್ಲಿ ಗಂಟೆಗೊಮ್ಮೆ ಬಿ.ಪಿ. ನೋಡುವ ನರ್ಸ್ ಮಾಡುತ್ತಿರುವುದು ಮಾಮೂಲಿ ಕೆಲಸವಲ್ಲ, ಆ ಹೊತ್ತಿನ ಮುಖ್ಯ ಪರೀಕ್ಷೆಯೇ ಅದು.

◆ ದೊಡ್ಡ ಮನುಷ್ಯರ ಬಿ.ಪಿ.ಯನ್ನೂ ಒಂದು ಕಾಲದಲ್ಲಿ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಎರಡನೇ ಮಹಾಯುದ್ಧದ ವೇಳೆ ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟರ ಖಾಸಗಿ ವೈದ್ಯರು ಕಿವಿ-ಮೂಗು-ಗಂಟಲು ತಜ್ಞರು. 1944ರ ಮಾರ್ಚಿನಲ್ಲಿ ಹೃದಯತಜ್ಞ ಹವರ್ಡ್ ಬ್ರೂನ್ ಪರೀಕ್ಷಿಸಿದಾಗ 186/108 ಇತ್ತು. ಮರುವರ್ಷ ಫೆಬ್ರವರಿಯಲ್ಲಿ, ಯಾಲ್ಟಾದಲ್ಲಿ ಚರ್ಚಿಲ್ ಮತ್ತು ಸ್ಟಾಲಿನ್ ಜೊತೆ ಜಗತ್ತನ್ನು ಹಂಚಿಕೊಳ್ಳುವ ಮಾತುಕತೆಯ ಹೊತ್ತಿಗೆ, 260/150. ಏಪ್ರಿಲ್ 12ರಂದು ಮಿದುಳಿನಲ್ಲಿ ರಕ್ತಸ್ರಾವವಾಗಿ ಬಿದ್ದಾಗ 300/190. ಅಂತರ 110. ಆಗ ಒಳ್ಳೆಯ ಔಷಧಿಗಳೇ ಇರಲಿಲ್ಲ, ನಿಜ. ಅಧ್ಯಕ್ಷರು ಆರೋಗ್ಯವಾಗಿದ್ದಾರೆಂದು ಜನರಿಗೆ ಹೇಳುತ್ತ ಬಂದದ್ದಕ್ಕೆ ಆ ಕಾರಣ ಸಾಲದು.

◆ ಮೂರು ವರ್ಷದ ಬಳಿಕ, 1948ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 5,209 ಜನರನ್ನು ಹಿಡಿದು ಹೃದಯದ ದೀರ್ಘ ಅಧ್ಯಯನ ಶುರುವಾಯಿತು. ಅವರ ಮಕ್ಕಳು, ಮೊಮ್ಮಕ್ಕಳು ಕೂಡ ಆಮೇಲೆ ಅದರಲ್ಲಿ ಸೇರಿದರು. ಬಿ.ಪಿ., ಕೊಲೆಸ್ಟರಾಲ್, ಸಿಗರೇಟು ಹೃದ್ರೋಗಕ್ಕೆ ದಾರಿ ಎಂದು ಜಗತ್ತು ಕಲಿತದ್ದು ಹೆಚ್ಚಾಗಿ ಈ ಊರಿನವರಿಂದ. ನಡುವಯಸ್ಸು ದಾಟಿದವರಲ್ಲಿ ಅಂತರ ಹಿಗ್ಗಿದಷ್ಟೂ ಹೃದಯದ ಅಪಾಯ ಹೆಚ್ಚು ಎಂದು ತೊಂಬತ್ತರ ದಶಕದಲ್ಲಿ ತೋರಿಸಿದ್ದೂ ಇದೇ ಅಧ್ಯಯನ.

◆ ಬಿ.ಪಿ.ಯ ಮೊದಲ ಆಧುನಿಕ ಔಷಧಿಗಳಲ್ಲೊಂದು ನಮ್ಮ ಕಾಡಿನ ಬೇರು. ಪಶ್ಚಿಮ ಘಟ್ಟಗಳಲ್ಲೂ ಬೆಳೆಯುವ ಸರ್ಪಗಂಧ ಬಿ.ಪಿ. ಇಳಿಸುತ್ತದೆ ಎಂದು ಕಲ್ಕತ್ತೆಯ ವೈದ್ಯರಾದ ಸೇನ್ ಮತ್ತು ಬೋಸ್ 1931ರಲ್ಲೇ ಬರೆದಿದ್ದರು. ಹೊರಗಿನವರು ಕಿವಿಗೊಟ್ಟಿದ್ದು 1949ರಲ್ಲಿ ಮುಂಬಯಿಯ ಹೃದಯತಜ್ಞ ರುಸ್ತಂ ಜಾಲ್ ವಕೀಲ್ ಅದನ್ನು ಬ್ರಿಟನ್ನಿನ ಹೃದಯ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿದರು. ವಕೀಲ್ ಅವರಿಗೆ 1957ರಲ್ಲಿ ಅಮೆರಿಕದ ಲ್ಯಾಸ್ಕರ್ ಪ್ರಶಸ್ತಿ ಸಿಕ್ಕಿತು. ಮನಸ್ಸು ಕುಗ್ಗಿಸುವ ದೋಷವಿದ್ದುದರಿಂದ ಔಷಧಿ ಹಿಂದೆ ಸರಿಯಿತು. ಬೇರು ಸಿಕ್ಕಿತೆಂದು ಯಾರೂ ಮನೆಯಲ್ಲಿ ಅರೆದು ಕುಡಿಯಬೇಡಿ.

◆ ಸರ್ಪಗಂಧದ ಸರ್ಪ ಹೆಸರಿಗೆ ಮಾತ್ರ. ಇನ್ನೊಂದು ಔಷಧಿ ನಿಜವಾದ ಹಾವಿನಿಂದಲೇ ಬಂತು. ಬ್ರೆಜಿಲಿನ ಜರರಾಕಾ ಮಂಡಲದ ಹಾವು ಕಚ್ಚಿದರೆ ಬಿ.ಪಿ. ಕುಸಿಯುತ್ತದೆ. ಅಲ್ಲಿನ ವಿಜ್ಞಾನಿ ಸೆರ್ಜಿಯೊ ಫೆರೇರಾ 1965ರಲ್ಲಿ ಅದರ ವಿಷದಲ್ಲಿ ಕಂಡ ಅಂಶದ ಬೆನ್ನು ಹತ್ತಿ ಹುಟ್ಟಿದ್ದು ಕ್ಯಾಪ್ಟೊಪ್ರಿಲ್. 1981ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ನಿಮ್ಮ ಮಾತ್ರೆಯ ಹೆಸರು "ಪ್ರಿಲ್" ಎಂದು ಮುಗಿಯುತ್ತಿದ್ದರೆ ಅದು ಇದೇ ವಂಶ. ಒಣಕೆಮ್ಮು ಬಿಡದೆ ಕಾಡಿದರೆ ವೈದ್ಯರಿಗೆ ಹೇಳಿ, ಈ ವಂಶಕ್ಕೆ ಆ ಚಾಳಿ ಇದೆ.

◆ ವಯಸ್ಸಿನೊಂದಿಗೆ ಬಿ.ಪಿ. ಏರುವುದು ವಿಧಿಲಿಖಿತ ಎನ್ನುವಂತಿಲ್ಲ. ಅಮೆಜಾನ್ ಕಾಡಿನ ಯಾನೊಮಾಮಿ ಜನ ಉಪ್ಪನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಹಲವು ದೇಶಗಳನ್ನು ಹೋಲಿಸಿ 1988ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರ ಸರಾಸರಿ ಸುಮಾರು 95/61, ಅದೂ ವಯಸ್ಸಾದರೂ ಏರುವುದಿಲ್ಲ. ದಿನಕ್ಕೆ 5 ಗ್ರಾಂ ಒಳಗೆ, ಎಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿಯ ಖಾರಾ ಬಿಸ್ಕತ್ತು ಎಲ್ಲವೂ ಆ ಚಮಚದೊಳಗೇ ಬರಬೇಕು ಎಂಬುದು ನಮಗೆ ನುಂಗಲಾರದ ತುತ್ತು.

◆ ಎಷ್ಟಾದರೆ ಹೆಚ್ಚು? ಭಾರತದಲ್ಲೂ ವಿಶ್ವ ಆರೋಗ್ಯ ಸಂಸ್ಥೆಯಲ್ಲೂ 140/90. ಅಮೆರಿಕದ ಹೃದಯತಜ್ಞರ ಸಂಘಗಳು 2017ರಲ್ಲಿ ಗೆರೆಯನ್ನು 130/80ಕ್ಕೆ ಇಳಿಸಿದವು. ಒಂದೇ ದಿನದಲ್ಲಿ ಅಲ್ಲಿ ಕೋಟ್ಯಂತರ ಜನ ರೋಗಿಗಳಾದರು. ಮನೆಯಲ್ಲಿ ಅಳೆದಾಗಿನ ಗೆರೆ 135/85, ಏಕೆಂದರೆ ಬಿಳಿ ಕೋಟು ಕಂಡೊಡನೆ ಬಿ.ಪಿ. ಏರುವವರು ಬಹಳ. ಆಸ್ಪತ್ರೆಯಲ್ಲಿ ಸರಿಯಾಗಿದ್ದು ಮನೆಯಲ್ಲಿ ಏರುವವರೂ ಇದ್ದಾರೆ, ಇವರ ಸ್ಥಿತಿಯೇ ಹೆಚ್ಚು ಮೋಸದ್ದು.

◆ ತಲೆನೋವಿಲ್ಲ, ತಲೆಸುತ್ತಿಲ್ಲ, ಹಾಗಾಗಿ ಬಿ.ಪಿ. ಇಲ್ಲ ಎಂಬ ಲೆಕ್ಕ ಸುಳ್ಳು. ಬಹುಪಾಲು ಜನರಿಗೆ ಏನೂ ಅನಿಸುವುದಿಲ್ಲ. ಅಳೆಯದೆ ತಿಳಿಯುವ ದಾರಿಯೇ ಇಲ್ಲ.

◆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15 ದಾಟಿದ ಭಾರತೀಯರಲ್ಲಿ ಹೆಂಗಸರ ಪೈಕಿ ಶೇಕಡ 21, ಗಂಡಸರ ಪೈಕಿ ಶೇಕಡ 24 ಮಂದಿಗೆ ಬಿ.ಪಿ. ಹೆಚ್ಚಿದೆ ಅಥವಾ ಅದಕ್ಕಾಗಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ತಪಾಸಣೆ ಉಚಿತ. ಹೋದಾಗ ಐದು ನಿಮಿಷ ಸುಮ್ಮನೆ ಕೂತು ಅಳೆಸಿಕೊಳ್ಳಿ, "ನಾರ್ಮಲ್" ಎಂಬ ಉತ್ತರಕ್ಕೆ ಒಪ್ಪದೆ ಎರಡೂ ಅಂಕಿ ಕೇಳಿ, ದಿನಾಂಕ ಮತ್ತು ಯಾವ ತೋಳು ಎಂಬುದರ ಜೊತೆಗೆ ಬರೆಸಿಕೊಳ್ಳಿ. ಕಳೆಯುವ ಲೆಕ್ಕ ನಿಮ್ಮದು.